ಅಪ್‌ಡೇಟ್: ಹಾಡು, ನಟನೆ ಮತ್ತು ಮನೆ

ಗಾಯನವನ್ನೂ ನಟನೆಯನ್ನೂ ನೆಚ್ಚಿಕೊಂಡಿರುವ ನಾನು, 6 ವರ್ಷದ ಮಗಳಿಗೂ ಪತಿಗೂ ಸಮಯ ಕೊಡಲಾಗದೆ, ಎರಡರಲ್ಲಿ ಒಂದನ್ನು ಬಿಡಬೇಕೇ ಎಂದು ಕೆಲವು ತಿಂಗಳ ಹಿಂದೆ ನಿಮ್ಮಲ್ಲಿ ಕೇಳಿದ್ದೆ. ಎರಡನ್ನೂ ಬಿಟ್ಟಿಲ್ಲ. ಆದರೆ ಧಾರಾವಾಹಿಯೊಂದರ ಮುಖ್ಯ ಪಾತ್ರವನ್ನು ಒಪ್ಪಿಕೊಳ್ಳಲಿಲ್ಲ; ಏಕೆಂದರೆ ದಿನವಿಡೀ ಅಳುವ, ಕೂಗುವ ದೃಶ್ಯಗಳನ್ನು ಮುಗಿಸಿ ಬಂದ ಗಂಟಲು ಮರುದಿನದ ಧ್ವನಿಮುದ್ರಣದಲ್ಲಿ ತಾರಸ್ಥಾಯಿಗೆ (ಮೇಲಿನ ಸ್ವರಗಳಿಗೆ) ಏರುವುದೇ ಇಲ್ಲವೆಂಬುದು ನನಗೆ ಅನುಭವದಿಂದ ತಿಳಿದ ಮಾತು. ಈಗ ಚಿತ್ರೀಕರಣದ ದಿನಗಳ ಲೆಕ್ಕ ಮೊದಲೇ ಗೊತ್ತಿರುವ ಪೋಷಕ ಪಾತ್ರಗಳನ್ನಷ್ಟೇ ಒಪ್ಪುತ್ತಿದ್ದೇನೆ. ಆದಾಯ ತಗ್ಗಿದೆ, ಅದನ್ನು ಮುಚ್ಚಿಡುವುದಿಲ್ಲ.

ನಿಮ್ಮಲ್ಲೊಬ್ಬರು ಸೂಚಿಸಿದಂತೆ ಅಡುಗೆಮನೆಯ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ಚಿತ್ರೀಕರಣಕ್ಕೆ ಕೆಂಪು, ಗಾಯನ ಕಾರ್ಯಕ್ರಮಕ್ಕೆ ನೀಲಿ ಎಂದು ಗುರುತು ಹಾಕಿದೆವು. ಮಗಳು ತಾನಾಗಿಯೇ ಹಸಿರು ಬಣ್ಣದಲ್ಲಿ ‘ಅಮ್ಮ ಮಾತಾಡದ ದಿನ’ ಎಂದು ಸೇರಿಸಿದಳು. ಕಾರ್ಯಕ್ರಮದ ಮರುದಿನ ನಾನು ಧ್ವನಿಗೆ ವಿಶ್ರಾಂತಿ ಕೊಡುತ್ತೇನೆ (ಪಿಸುಮಾತೂ ಗಂಟಲನ್ನು ದಣಿಸಬಹುದಾದ್ದರಿಂದ ಅದೂ ಇಲ್ಲ), ಹಾಗಾಗಿ ಅಂದು ನಮ್ಮಿಬ್ಬರ ಜಗಳವೆಲ್ಲ ಸನ್ನೆಯಲ್ಲೇ ನಡೆಯುತ್ತದೆ.

ಪತಿಯೊಂದಿಗಿನ ಮಾತುಕತೆ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ನಾನು ತಡರಾತ್ರಿ ಮರಳುವುದಕ್ಕಿಂತ, ಮರಳುವ ಹೊತ್ತು ತಿಳಿಯದಿರುವುದೇ ತಮಗೆ ಕಷ್ಟವೆಂದು ಅವರು ಹೇಳಿದ ಮೇಲೆ, ಕೊನೆಯ ದೃಶ್ಯಕ್ಕೆ ಮುನ್ನ ಸಂದೇಶ ಕಳುಹಿಸುವುದನ್ನು ರೂಢಿಸಿಕೊಂಡಿದ್ದೇನೆ. ಮುಂದಿನ ತಿಂಗಳ ಪ್ರವಾಸದ ವಿಷಯ ಇನ್ನೂ ತೀರ್ಮಾನವಾಗಿಲ್ಲ.