ಸಹಾಯ ಬೇಕು: ಇನ್ನೂ ಓಡುತ್ತಿರುವ ಪ್ಲಾಸ್ಮಾ ಟಿವಿ ಯಾರ ಮನೆಯಲ್ಲಿದೆ?

ಪ್ಲಾಸ್ಮಾ (ಹಳೆಯ ಬಗೆಯ ಚಪ್ಪಟೆ ಟಿವಿ) ಮತ್ತು ಎಲ್‌ಸಿಡಿ ಪರದೆಗಳ ಕಪ್ಪು ಎಷ್ಟು ಗಾಢ ಅಂತ ಹೋಲಿಸಬೇಕಿದೆ. ಪ್ಯಾನಾಸೋನಿಕ್ 2013ರ ಕೊನೆಗೇ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು, ಈಗ ಅಂಗಡಿಯಲ್ಲಿ ಹೊಸದು ಸಿಗುವುದಿಲ್ಲ. ಎರಡೂ ಇರುವವರು ದಯವಿಟ್ಟು ಫೋಟೋ ತೆಗೆದು ಹಾಕಿ.

ಟಿವಿ ಅರ್ಧ ಗಂಟೆ ಓಡಿರಲಿ. ಪಿಕ್ಚರ್ ಮೋಡ್ ‘ಸಿನಿಮಾ’ ಇರಲಿ, ‘ವಿವಿಡ್’ ಬೇಡ. ಕೋಣೆ ಪೂರ್ತಿ ಕತ್ತಲು, ಎರಡರಲ್ಲೂ ಒಂದೇ ರಾತ್ರಿ ದೃಶ್ಯ. ಮೊಬೈಲ್ ಕ್ಯಾಮೆರಾ ಪ್ರೊ ಮೋಡ್‌ನಲ್ಲಿ (ನಾವೇ ಸೆಟ್ಟಿಂಗ್ ಇಡುವ ಮೋಡ್) ಐಎಸ್‌ಒ (ಬೆಳಕಿನ ಸಂವೇದನೆ) 400, ಶಟರ್ 1/10 ಸೆಕೆಂಡ್, ಎರಡಕ್ಕೂ ಅದೇ. ಆಟೋ ಮೋಡ್‌ನಲ್ಲಿ ತೆಗೆದರೆ ಕ್ಯಾಮೆರಾ ತಾನೇ ಬೆಳಕು ಏರಿಸಿ ಒಳ್ಳೆಯ ಕಪ್ಪನ್ನೂ ಬೂದು ಮಾಡುತ್ತದೆ, ಹೋಲಿಕೆಯೇ ಕೆಟ್ಟಿತು.

ಎಲ್‌ಸಿಡಿ ಪ್ಯಾನೆಲ್ ಐಪಿಎಸ್ಸೋ ವಿಎಯೋ (ಎಲ್‌ಸಿಡಿಯ ಎರಡು ಬಗೆ) ಖಂಡಿತ ಬರೆಯಿರಿ: ಐಪಿಎಸ್ ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಪ್ರಕಾಶಮಾನ ಅನ್ನುವುದು) ಸುಮಾರು 1000:1, ವಿಎ ಸಾಮಾನ್ಯವಾಗಿ ಅದರ ಮೂರು ಪಟ್ಟು. ಪ್ಲಾಸ್ಮಾದಲ್ಲಿ ದೃಶ್ಯವನ್ನು ಹೆಚ್ಚು ಹೊತ್ತು ನಿಲ್ಲಿಸಿಡಬೇಡಿ, ಪರದೆಯಲ್ಲಿ ಅಚ್ಚು ಉಳಿಯುತ್ತದೆ.