ಬೆಕ್ಕು ಹೊಟ್ಟೆ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿದೆ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹೀಗಾಗಿತ್ತಾ?

ಕೇಳಿದವರು (ಬೆಂಗಳೂರು): ನಮ್ಮ ಚಿನ್ನಿಗೆ ನಾಲ್ಕು ವರ್ಷ. ಮೂರನೇ ಮಹಡಿಯ ಮನೆ, ಬಾಗಿಲಾಚೆ ಕಾಲಿಟ್ಟವಳಲ್ಲ. ಎರಡು ತಿಂಗಳಿಂದ ಕೆಳಹೊಟ್ಟೆ ಮತ್ತು ತೊಡೆಯ ಒಳಭಾಗದ ಕೂದಲು ಪೂರ್ತಿ ಹೋಗಿದೆ. ಗಾಯ ಇಲ್ಲ, ಊಟ ಸರಿಯಾಗಿದೆ. ಡಾಕ್ಟರಿಗೆ ತೋರಿಸಿದರೆ ಮುಟ್ಟಿಯೂ ನೋಡದೆ ‘ಸ್ಟ್ರೆಸ್’ ಅಂದರು. ದಿನಕ್ಕೆ ಹದಿನಾಲ್ಕು ಗಂಟೆ ಸೋಫಾ ಮೇಲೆ ಮಲಗುವವಳಿಗೆ ಎಂಥ ಸ್ಟ್ರೆಸ್? ನಿಮ್ಮ ಅನುಭವ ಹೇಳಿ.

ಮೂರು ಬೆಕ್ಕಿನ ಮನೆಯವರು (ಮೈಸೂರು): ಇದೇ ಮಾತು ನಂಬಿಕೊಂಡು ಆರು ತಿಂಗಳು ಕಳೆದವರು ನಾವು. ಮನೆ ಬದಲಿಸಿದ್ದೇ ಕಾರಣ ಅಂತ ತೀರ್ಮಾನ ಮಾಡಿಕೊಂಡು ಹೊಸ ಹಾಸಿಗೆ, ಆಟಿಕೆ, ಗೋಡೆಗೆ ಹಲಗೆ ಎಲ್ಲ ಹಾಕಿಸಿದೆವು. ಬೆಕ್ಕು ಹಲಗೆ ಮೇಲೆ ಕೂತು ನೆಕ್ಕಿಕೊಂಡಿತು, ಅಷ್ಟೇ.

ಕೊನೆಗೆ ಇನ್ನೊಬ್ಬ ಡಾಕ್ಟರು ಬಾಲದ ಬುಡದಲ್ಲಿ ಹೇನಿನ ಬಾಚಣಿಗೆ ಆಡಿಸಿದರು. ಬಂದ ಕಪ್ಪು ಹುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿದರು. ಸ್ವಲ್ಪ ಹೊತ್ತಿಗೆ ಹುಡಿಯ ಸುತ್ತ ಕೆಂಪು-ಕಂದು ಬಣ್ಣ ಹರಡಿತು. ಅದು ಧೂಳಲ್ಲ, ಚಿಗಟದ ಹಿಕ್ಕೆ. ಅಂದರೆ ಬೆಕ್ಕಿನದೇ ರಕ್ತ.

‘ಒಂದು ಚಿಗಟವನ್ನೂ ನಾನು ಕಂಡಿಲ್ಲವಲ್ಲ’ ಅಂದೆ. ಅಲರ್ಜಿ ಇರುವ ಬೆಕ್ಕಿಗೆ ಚಿಗಟದ ಜೊಲ್ಲು ಆಗುವುದಿಲ್ಲ, ಕಡಿತ ಎರಡು ಮೂರೇ ಆದರೂ ತುರಿಕೆ ದಿನಗಟ್ಟಲೆ. ನೆಕ್ಕುವಾಗ ಅದು ಚಿಗಟವನ್ನೂ ನುಂಗಿಬಿಡುತ್ತದೆ. ಸಾಕ್ಷಿಯನ್ನೇ ತಿಂದು ಹಾಕಿದರೆ ನಮಗೆ ಕಾಣುವುದೇನು? ಮನೆ ಬಿಟ್ಟು ಹೋಗದ ಬೆಕ್ಕಿಗೆ ಎಲ್ಲಿಂದ ಬಂತು ಅಂತೀರಾ, ನಮ್ಮ ಪ್ಯಾಂಟಿಗೆ ಹತ್ತಿಕೊಂಡೇ ಬರುತ್ತವೆ. ಮೆಟ್ಟಿಲ ಮೇಲೆ ಬೀದಿನಾಯಿ ಮಲಗುತ್ತಿದ್ದರಂತೂ ಮುಗೀತು.

ಕತ್ತಿನ ಹಿಂದೆ ಹಾಕುವ ಹನಿ ಔಷಧಿ ಕೊಟ್ಟರು. ತಿಂಗಳಿಗೊಮ್ಮೆ, ಮೂರೂ ಬೆಕ್ಕಿಗೆ. ಒಂದಕ್ಕೆ ಮಾತ್ರ ಹಾಕಿದರೆ ದುಡ್ಡು ದಂಡ. ಚಿಗಟದ ಮರಿ ಗೂಡು ಕಟ್ಟಿಕೊಂಡು ಸೋಫಾ ಸಂದಿಯಲ್ಲಿ ತಿಂಗಳುಗಟ್ಟಲೆ ಕಾಯಬಲ್ಲದು, ಗೂಡಿನೊಳಗೆ ಇರುವಾಗ ಔಷಧಿಯೂ ತಾಗುವುದಿಲ್ಲ. ಹಾಗಾಗಿ ಒಂದು ಡೋಸ್ ಹಾಕಿ ‘ಪ್ರಯೋಜನ ಇಲ್ಲ’ ಅನ್ನಬೇಡಿ. ನಮ್ಮಲ್ಲಿ ಹೊಟ್ಟೆ ಮೇಲೆ ಮಖಮಲ್ಲಿನ ಹಾಗೆ ಕೂದಲು ಬಂದದ್ದು ಮೂರನೇ ತಿಂಗಳಿಗೆ.

ನಾಯಿ, ಬೆಕ್ಕು ಎರಡೂ ಇರುವವರು (ಮಂಗಳೂರು): ಮೇಲಿನದಕ್ಕೆ ಒಂದು ಮಾತು ಸೇರಿಸಲೇಬೇಕು. ನಾಯಿಗೆ ತಂದಿದ್ದ ಚಿಗಟದ ಔಷಧಿಯನ್ನು ಸುಮ್ನೆ ನಾಲ್ಕು ಹನಿ ಬೆಕ್ಕಿಗೂ ಹಾಕಿದ್ದೆ. ಸಂಜೆಯ ಹೊತ್ತಿಗೆ ಮೈಯೆಲ್ಲ ನಡುಗಿ ಫಿಟ್ಸ್ ಬಂತು. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇತ್ತು. ನಾಯಿಗೆ ಒಗ್ಗುವ ಅದು ಬೆಕ್ಕಿಗೆ ವಿಷ. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಬದುಕಿತು, ನನ್ನ ಪುಣ್ಯ. ಟೀ ಟ್ರೀ ಎಣ್ಣೆ, ಡೆಟಾಲ್ ನೀರು ಇವೂ ಬೇಡ. ಹಚ್ಚಿದ್ದನ್ನೆಲ್ಲ ಅದು ನೆಕ್ಕಿಯೇ ನೆಕ್ಕುತ್ತದೆ.

ಪಶುವೈದ್ಯ ವಿದ್ಯಾರ್ಥಿನಿ: ಮೊದಲು ಒಂದು ಪ್ರಶ್ನೆ. ಕೂದಲು ಉದುರಿದ್ದಾ, ಅವಳೇ ಕಿತ್ತದ್ದಾ? ಬೋಳಾದ ಜಾಗದಲ್ಲಿ ಬೆರಳನ್ನು ಹಿಮ್ಮುಖವಾಗಿ ಆಡಿಸಿ. ಕ್ಷೌರ ಮಾಡಿ ಎರಡು ದಿನವಾದ ಗಡ್ಡದ ಹಾಗೆ ಚುಚ್ಚಿದರೆ ಬುಡ ಗಟ್ಟಿಯಾಗಿದೆ, ತುದಿ ತುಂಡಾಗಿದೆ ಅಂತ. ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಖಚಿತವಾಗುತ್ತದೆ: ತಾನಾಗಿ ಉದುರಿದ್ದಕ್ಕೆ ಚೂಪು ತುದಿ, ನೆಕ್ಕಿ ಮುರಿದದ್ದಕ್ಕೆ ಮೊಂಡು ತುದಿ. ‘ನೆಕ್ಕುವುದನ್ನು ನಾವು ನೋಡೇ ಇಲ್ಲ’ ಅನ್ನುವವರು ಜಾಸ್ತಿ. ಎಷ್ಟೋ ಬೆಕ್ಕುಗಳು ನಾವು ಮಲಗಿದ ಮೇಲೆ ಈ ಕೆಲಸ ಮಾಡುತ್ತವೆ. ರಾತ್ರಿ ಹಳೇ ಫೋನನ್ನು ರೆಕಾರ್ಡಿಂಗಿಗೆ ಇಟ್ಟು ನೋಡಿ.

ಸ್ಟ್ರೆಸ್ ಅನ್ನುವ ಹಣೆಪಟ್ಟಿ ಬಗ್ಗೆ: 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾನಸಿಕ ಕಾರಣದಿಂದ ಕೂದಲು ಹೋಗಿದೆ ಅಂತ ಶಂಕಿಸಿದ್ದ 21 ಬೆಕ್ಕುಗಳನ್ನು ಪೂರ್ತಿ ತಪಾಸಣೆ ಮಾಡಿದರು. 16ಕ್ಕೆ ದೈಹಿಕ ಕಾರಣ ಸಿಕ್ಕಿತು, ಹೆಚ್ಚಿನವಕ್ಕೆ ಅಲರ್ಜಿ. ಬರೀ ಮನಸ್ಸಿನ ತೊಂದರೆ ಇದ್ದದ್ದು 2ಕ್ಕೆ. ಉಳಿದ 3ಕ್ಕೆ ಎರಡೂ.

ಹುಬ್ಬಳ್ಳಿಯಿಂದ: ನಮ್ಮಲ್ಲಿ ಮೊದಲು ಗೊತ್ತಾಗಿದ್ದು ಮಗಳ ತೋಳಿನಿಂದ. ಉಂಗುರದ ಹಾಗೆ ಕೆಂಪು ಕಲೆ. ಬೆಕ್ಕಿಗೆ ಹುಳುಕಡ್ಡಿ, ಅಂದರೆ ಚರ್ಮದ ಫಂಗಸ್! ಅದಕ್ಕೂ ಮೊದಲು ತುರಿಕೆ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿದ್ದೆವು, ಅದರಿಂದ ಇನ್ನೂ ಹರಡಿತು. ಫಂಗಸ್ ಪರೀಕ್ಷೆ ಮಾಡಿಸದೆ ಸ್ಟೀರಾಯ್ಡಿಗೆ ಒಪ್ಪಬೇಡಿ. ಕಲ್ಚರ್ ರಿಪೋರ್ಟ್ ಬರಲು ಎರಡು ಮೂರು ವಾರ ಬೇಕು, ತಡ್ಕೊಳ್ಳಿ.

ಶಿರಸಿಯಿಂದ: ನಮ್ಮದು ಆಹಾರದ ಅಲರ್ಜಿ. ಎಂಟು ವಾರ ಡಾಕ್ಟರು ಹೇಳಿದ ಒಂದೇ ಆಹಾರ, ಬೇರೇನೂ ಇಲ್ಲ. ಆರನೇ ವಾರದಲ್ಲಿ ಗೊತ್ತಾಯಿತು, ಅತ್ತೆ ದಿನಾ ಕದ್ದು ಹಾಲು ಹಾಕುತ್ತಿದ್ದರು. ಮತ್ತೆ ಒಂದರಿಂದ ಲೆಕ್ಕ. ಪಥ್ಯ ಬೆಕ್ಕಿಗಲ್ಲ, ಮನೆಮಂದಿಗೆ.

ಧಾರವಾಡದ ನಿವೃತ್ತರು: ಕೆಳಹೊಟ್ಟೆ ಮಾತ್ರ ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ನಮ್ಮ ಗಂಡು ಬೆಕ್ಕಿಗೆ ಚರ್ಮ ಚೆನ್ನಾಗೇ ಇತ್ತು. ನೋವಿದ್ದದ್ದು ಒಳಗೆ, ಮೂತ್ರಕೋಶದಲ್ಲಿ. ನೋಯುವ ಜಾಗವನ್ನು ಮೇಲಿನಿಂದ ನೆಕ್ಕುತ್ತಿತ್ತು. ಮಣ್ಣಿನ ಟ್ರೇಗೆ ಎಷ್ಟು ಸಲ ಹೋಗುತ್ತಾಳೆ, ಎಷ್ಟು ಒದ್ದೆಯಾಗಿದೆ ನೋಡಿ. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬರದಿದ್ದರೆ ಒಂದು ಗಂಟೆಯೂ ಕಾಯಬಾರದು, ಅದು ಜೀವಕ್ಕೇ ಅಪಾಯ.

ಬೆಂಗಳೂರಿನ ಇನ್ನೊಬ್ಬರು: ಎಲ್ಲರೂ ಸ್ಟ್ರೆಸ್ ಅಲ್ಲ ಅನ್ನುತ್ತಿದ್ದೀರಿ. ನಮ್ಮದು ನಿಜಕ್ಕೂ ಅದೇ. ಆದರೆ ಚಿಗಟ, ಫಂಗಸ್, ಆಹಾರ, ಮೂತ್ರ ಎಲ್ಲ ನೋಡಿ ಮುಗಿಸಿದ ಮೇಲೆ ಬಂದ ಉತ್ತರ. ಎದುರಿನ ಕಾಂಪೌಂಡಿನ ಮೇಲೆ ಒಂದು ದಡಿಯ ಗಂಡು ಬೆಕ್ಕು ದಿನಾ ಬಂದು ಕೂರುತ್ತಿತ್ತು. ನಮ್ಮವಳು ಕಿಟಕಿಯಿಂದ ನೋಡುವುದು, ಒಳಗೆ ಬಂದು ನೆಕ್ಕುವುದು. ಕಿಟಕಿಯ ಕೆಳಭಾಗಕ್ಕೆ ಮಸುಕು ಹಾಳೆ ಅಂಟಿಸಿದೆವು. ದಿನಾ ಒಂದೇ ಹೊತ್ತಿಗೆ ಊಟ, ಅದಕ್ಕೂ ಮುಂಚೆ ಹತ್ತು ನಿಮಿಷ ದಾರಕ್ಕೆ ಕಟ್ಟಿದ ಗರಿಯ ಆಟ. ಡಾಕ್ಟರು ಆತಂಕ ತಗ್ಗಿಸುವ ಫ್ಲೂಯೊಕ್ಸೆಟಿನ್ ಮಾತ್ರೆ ಕೂಡ ಕೊಟ್ಟರು, ಪರಿಣಾಮ ಕಾಣಲು ತಿಂಗಳಿಗಿಂತ ಹೆಚ್ಚೇ ಬೇಕಾಯಿತು. ನೆಕ್ಕಲು ಆಗದ ಹಾಗೆ ಕತ್ತಿಗೆ ಕೋನ್ ಹಾಕಿದ್ದಾಗ ಕೂದಲು ಬಂತು, ತೆಗೆದ ವಾರಕ್ಕೆ ಮತ್ತೆ ಬೋಳು. ಗದರಿದರೆ ಮಂಚದ ಕೆಳಗೆ ಹೋಗಿ ನೆಕ್ಕುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬೆರಳಿಗೆ ಗಡ್ಡದ ಹಾಗೆಯೇ ಚುಚ್ಚುತ್ತದೆ. ಕಾಗದದ ಪರೀಕ್ಷೆಯಲ್ಲಿ ಬಣ್ಣ ಬರಲಿಲ್ಲ. ನಿನ್ನೆ ರಾತ್ರಿ ಫೋನ್ ಇಟ್ಟಿದ್ದೆ. ಐದು ಸಲ ಟ್ರೇಗೆ ಹೋಗಿದ್ದಾಳೆ, ಪ್ರತಿ ಸಲ ಈಚೆ ಬಂದು ಕೂತು ನೆಕ್ಕಿದ್ದಾಳೆ. ಬೆಳಿಗ್ಗೆ ನೋಡಿದರೆ ಮಣ್ಣಿನಲ್ಲಿ ಮೂತ್ರಕ್ಕೆ ಗಟ್ಟಿಯಾದ, ಗೋಲಿಯಷ್ಟೇ ಗಾತ್ರದ ಮೂರು ಉಂಡೆ. ಮಧ್ಯಾಹ್ನ ಮೂತ್ರ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇವೆ, ಬೇರೆ ಡಾಕ್ಟರ ಹತ್ತಿರ. ವಿಡಿಯೋ ಕೂಡ ತೋರಿಸುತ್ತೇನೆ.