ಆಲ್ಟರ್ನೇಟರ್ ಬದಲಿಸಿದರೂ ಚಾರ್ಜಿಂಗ್ ಕಡಿಮೆ: ದೋಷ ಅರ್ಥ್ ವೈರಿನದೇ?

ಪ್ರಶ್ನೆ:
ನಾನು ಕುಂದಾಪುರದವನು. ನನ್ನ 13 ವರ್ಷ ಹಳೆಯ ಪೆಟ್ರೋಲ್ ಕಾರಿನಲ್ಲಿ ರಾತ್ರಿ ಹೆಡ್‌ಲೈಟ್, ಎಸಿ ಎರಡನ್ನೂ ಹಾಕಿದರೆ ಬೆಳಕು ಮಂಕಾಗುತ್ತದೆ. ಆಗ ಬ್ಯಾಟರಿಯಲ್ಲಿ ಅಳೆದರೆ 13.1 ವೋಲ್ಟ್ ಮಾತ್ರ ಸಿಗುತ್ತದೆ. ಬ್ಯಾಟರಿ ಹೊಸದು, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಕಳೆದ ತಿಂಗಳು ಬದಲಿಸಿದ್ದೇನೆ. ವೈರಿನ ಎರಡೂ ತುದಿಗೆ ಮುಟ್ಟಿಸಿದ ಮಲ್ಟಿಮೀಟರ್ ಬೀಪ್ ಎಂದದ್ದರಿಂದ ಅರ್ಥ್ (ಎಂಜಿನನ್ನು ಬ್ಯಾಟರಿಯ ಮೈನಸ್‌ಗೆ ಜೋಡಿಸುವ ವೈರ್) ಸರಿಯಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಇನ್ನೇನು ನೋಡಬೇಕು?

ಉತ್ತರ 1:
ಆ ಬೀಪ್ ಸದ್ದನ್ನು ದಯವಿಟ್ಟು ನಂಬಬೇಡಿ. ಮೀಟರ್ ಹರಿಸುವ ಕರೆಂಟ್ ಅತ್ಯಲ್ಪವಾದ್ದರಿಂದ, ವೈರಿನೊಳಗೆ ನಾಲ್ಕೈದು ಎಳೆಗಳಷ್ಟೇ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ಆದರೆ 50 ಆಂಪಿಯರ್ ಹರಿಯುವಾಗ ಕೇವಲ 0.02 ಓಮ್ ತಡೆಯೇ 1 ವೋಲ್ಟನ್ನು ನುಂಗಿಬಿಡುತ್ತದೆ. ಅಷ್ಟು ಚಿಕ್ಕ ತಡೆಯನ್ನು ಸಾಧಾರಣ ಮೀಟರ್ ಅಳೆಯಲಾರದು. ಆದ್ದರಿಂದ ಲೋಡ್ ಇರುವಾಗಲೇ, ಅಂದರೆ ಹೆಚ್ಚು ಕರೆಂಟ್ ಹರಿಯುತ್ತಿರುವಾಗಲೇ, ವೋಲ್ಟೇಜ್ ನಷ್ಟವನ್ನು ಅಳೆಯಬೇಕು. ಎಂಜಿನನ್ನು ಸುಮಾರು 1,500 ಆರ್‌ಪಿಎಂನಲ್ಲಿ ಓಡಿಸುತ್ತಾ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಆಲ್ಟರ್ನೇಟರಿನ ಬರಿಯ ಲೋಹದ ಮೈಗೂ ಮುಟ್ಟಿಸಿ. 0.2 ವೋಲ್ಟ್ ಮೀರಿದರೆ ಅರ್ಥ್ ಕೆಟ್ಟಿದೆ. ಪ್ಲಸ್ ಕಡೆಯನ್ನೂ ಹೀಗೆಯೇ ನೋಡಿ. ಬೆಲ್ಟ್ ಮತ್ತು ಫ್ಯಾನಿನ ಹತ್ತಿರ ಕೈ ಹೋಗದಿರಲಿ.

ಉತ್ತರ 2:
ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುವುದರಿಂದ ಕರೆಂಟ್ ಹಿಂದಿರುಗಲು ಅರ್ಥ್ ವೈರನ್ನೇ ನೆಚ್ಚಿಕೊಳ್ಳಬೇಕು. ನಷ್ಟ ಹೆಚ್ಚಿದ್ದರೆ, ಮೈನಸ್ ಕಂಬದ ಕಡ್ಡಿಯನ್ನು ಅಲ್ಲಿಯೇ ಇಟ್ಟು, ಇನ್ನೊಂದನ್ನು ಕಂಬಕ್ಕೆ ಬಿಗಿದ ಕ್ಲ್ಯಾಂಪ್, ಗೇರ್‌ಬಾಕ್ಸಿಗೆ ಬಿಗಿದ ಲಗ್ (ವೈರಿನ ತುದಿಯ ಲೋಹದ ಬಳೆ), ಗೇರ್‌ಬಾಕ್ಸಿನ ಲೋಹ, ಎಂಜಿನ್ ಬ್ಲಾಕ್ ಹೀಗೆ ಮುಂದುಮುಂದಕ್ಕೆ ಮುಟ್ಟಿಸುತ್ತಾ ಹೋಗಿ. ಅಂಕೆ ಎಲ್ಲಿ ಥಟ್ಟನೆ ಜಿಗಿಯುತ್ತದೋ ದೋಷ ಅಲ್ಲಿದೆ. ಕರಾವಳಿಯ ಉಪ್ಪುಗಾಳಿಗೆ ಲಗ್ಗಿನ ಅಡಿಭಾಗವೇ ಮೊದಲು ತುಕ್ಕು ಹಿಡಿಯುವುದು, ಮೇಲೆ ನೋಡಿದರೆ ಏನೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:
ಅಳೆದೆ. ಪ್ಲಸ್ ಕಡೆ ನಷ್ಟ 0.2, ಮೈನಸ್ ಕಡೆ 0.95 ವೋಲ್ಟ್. ಲಗ್ಗಿನವರೆಗೆ ಬಹುತೇಕ ಸೊನ್ನೆಯಿದ್ದ ಅಂಕೆ ಗೇರ್‌ಬಾಕ್ಸಿನ ಲೋಹವನ್ನು ಮುಟ್ಟಿದೊಡನೆ 0.8ಕ್ಕೆ ಏರಿತು. ಬ್ಯಾಟರಿಯ ಮೈನಸ್ ಕಳಚಿ, ಬೋಲ್ಟ್ ಬಿಚ್ಚಿ, ಎರಡೂ ಮೈಗಳನ್ನು ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದ ಮೇಲೆ ಮೈನಸ್ ಕಡೆಯ ನಷ್ಟ 0.1ಕ್ಕೆ ಇಳಿದಿದೆ, ಬ್ಯಾಟರಿಯಲ್ಲಿ ಅದೇ ಲೋಡಿಗೆ 14 ವೋಲ್ಟ್ ಬರುತ್ತಿದೆ. ಬಹುಶಃ ಏನೂ ಆಗಿರದ ಹಳೆಯ ಆಲ್ಟರ್ನೇಟರನ್ನು ಗುಜರಿಗೆ ಹಾಕಿ ಆಗಿದೆ.

ಉತ್ತರ 2:
ಬಿಗಿದ ಜಾಗದ ಮೇಲೆ ಹೊರಗಿನಿಂದ ತೆಳುವಾಗಿ ಗ್ರೀಸ್ ಸವರಿ. ಕಾರಿನ ಲೋಹದ ಮೈಗೆ ಹೋಗುವ ಇನ್ನೊಂದು ಅರ್ಥ್ ವೈರನ್ನೂ ಇದೇ ರೀತಿ ಅಳೆಯಿರಿ. ಅದಕ್ಕೂ 13 ವರ್ಷ ವಯಸ್ಸಾಗಿದೆ.